ಮಿತಿಯೊಳಗಿದೆ ಎಂದರೆ ಸಾಕೆ?

2025ರ ಡಿಸೆಂಬರ್ ತಿಂಗಳಲ್ಲಿ ನಮ್ಮ ಪಾರ್ಲಿಮೆಂಟು ಅಣುಶಕ್ತಿಗೆ ಸಂಬಂಧಿಸಿದ ಹೊಸ ಶಾಸನವೊಂದನ್ನು ಅಂಗೀಕರಿಸಿತು. 1962ರ ಹಳೆಯ ಕಾಯಿದೆಯ ಸ್ಥಾನಕ್ಕೆಂದು ಮಾಡಿದ ಶಾಸನ ಇದು. ಇದುವರೆಗೆ ಸರ್ಕಾರದ ಸಂಸ್ಥೆಗಳೇ ನಡೆಸುತ್ತಿದ್ದ ಅಣುವಿದ್ಯುತ್ ಸ್ಥಾವರಗಳ ಕ್ಷೇತ್ರಕ್ಕೆ ಖಾಸಗಿ ಕಂಪನಿಗಳೂ ಕಾಲಿಡಲು ಇದರಿಂದ ದಾರಿಯಾಯಿತು. ಸ್ಥಾವರಗಳ ಮೇಲೆ ಕಣ್ಣಿಡುವ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಶಾಸನದ ಆಸರೆಯೂ ಈ ಮೂಲಕ ದೊರೆಯಿತು. ಹಿಂದೂಪುರದ ಮಾರುಕಟ್ಟೆಯಲ್ಲಾಗಲಿ ಕಲ್ಯಾಣದುರ್ಗದ ಬಸ್ ನಿಲ್ದಾಣದಲ್ಲಾಗಲಿ ಈ ಸುದ್ದಿಯನ್ನು ಕುರಿತು ಯಾರೂ ಮಾತನಾಡಿದ್ದು ನಮ್ಮ ಕಿವಿಗೆ ಬೀಳಲಿಲ್ಲ. ಮಳೆ ಬಂತೇ, ಬೋರಿನಲ್ಲಿ ನೀರಿದೆಯೇ, ಕಡಲೆಕಾಯಿಗೆ ಬೆಲೆ ಏನಾಯಿತು, ನಮ್ಮ ಮಾತೆಲ್ಲ ಇಷ್ಟರಲ್ಲೇ ಮುಗಿಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೂ ನಮ್ಮ ಶಾಲೆಯ ಈ ವಾರ್ಷಿಕ ಸಂಚಿಕೆಯಲ್ಲಿ ಎರಡು ಪುಟ ಈ ವಿಷಯಕ್ಕೆ ಮೀಸಲಾಗಿರಲಿ ಎಂದು ನಮಗೆ ತೋರಿತು.

ನಮಗೇಕೆ ಈ ಉಸಾಬರಿ ಎಂದು ಪಾಲಕರು ಕೇಳಬಹುದು. ಕನ್ನಡನಾಡಿನ ಅಣುಸ್ಥಾವರವಿರುವುದು ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ, ಕಾಳಿ ನದಿಯ ದಂಡೆಯಲ್ಲಿ, ಘಟ್ಟದ ದಟ್ಟ ಕಾಡಿನ ನಡುವೆ. ಕಲ್ಯಾಣದುರ್ಗದಿಂದ ಹೊರಟರೆ ಬಳ್ಳಾರಿ, ಹುಬ್ಬಳ್ಳಿ ದಾಟಿ ಹಗಲೆಲ್ಲ ಪ್ರಯಾಣ ಮಾಡಬೇಕು. ಅಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ಮೊದಲಿನ ಎರಡು 2000ದಲ್ಲಿಯೂ, ಮೂರನೆಯದು 2007ರಲ್ಲಿಯೂ, ನಾಲ್ಕನೆಯದು 2011ರಲ್ಲಿಯೂ ಕೆಲಸ ಆರಂಭಿಸಿದವು. ಇನ್ನೆರಡು ಘಟಕಗಳು, ತಲಾ 700 ಮೆಗಾವಾಟಿನವು, ಬರಲಿವೆ. ಅಲ್ಲಿ ಹುಟ್ಟುವ ವಿದ್ಯುತ್ತು ದಕ್ಷಿಣದ ರಾಜ್ಯಗಳಿಗೆಲ್ಲ ಹಂಚಿಕೆಯಾಗುತ್ತದೆ. ಆಂಧ್ರಪ್ರದೇಶಕ್ಕೂ ಅದರಲ್ಲಿ ಪಾಲುಂಟು. ರಾತ್ರಿ ನೀವು ಓದಲು ಕುಳಿತಾಗ ಉರಿಯುವ ದೀಪದಲ್ಲಿ ಕೈಗಾದ ಒಂದು ಹನಿ ಇದ್ದರೂ ಇರಬಹುದು. ಬೆಳಕಿನಲ್ಲಿ ಪಾಲು ತೆಗೆದುಕೊಂಡ ಮನೆಯವರು ಒಲೆಯ ಬೂದಿ ಎಲ್ಲಿ ಬೀಳುತ್ತದೆಂದು ಕೇಳುವುದು ನ್ಯಾಯವೇ. ಇನ್ನು ಅಣು ಇಂಧನದ ಗಣಿಯಂತೂ ನಮ್ಮ ನೆರೆಯ ಕಡಪ ಜಿಲ್ಲೆಯಲ್ಲೇ ಇದೆ. ಅದರ ಮಾತು ಮುಂದೆ ಬರುತ್ತದೆ.

ನಾವು ಕನ್ನಡ ಪಾಠ ಹೇಳುವವರು. ವಿಜ್ಞಾನದ ಉಪಾಧ್ಯಾಯರ ಅಂಗಳಕ್ಕೆ ಇಷ್ಟು ಧೈರ್ಯವಾಗಿ ಇಳಿಯುವುದನ್ನು ಅವರು ಕ್ಷಮಿಸಬೇಕು. ಅಣುಸ್ಥಾವರವೆಂದರೆ ಬಾಂಬು, ಎಲ್ಲವೂ ಒಳಗೆ ಭದ್ರ, ಒಡೆದರೆ ಮಾತ್ರ ಅಪಾಯ ಎಂದು ಸಾಮಾನ್ಯವಾಗಿ ಜನ ತಿಳಿದಿರುತ್ತಾರೆ. ವಾಸ್ತವ ಸ್ಥಿತಿ ಬೇರೆ. ಯಾವ ಅವಘಡವೂ ಇಲ್ಲದೆ ಸುಸೂತ್ರವಾಗಿ ನಡೆಯುವ ಸ್ಥಾವರವೂ ದಿನನಿತ್ಯ ಅಷ್ಟಿಷ್ಟು ವಿಕಿರಣಶೀಲ ವಸ್ತುವನ್ನು ಹೊರಗೆ ಬಿಡುತ್ತದೆ. ಇದು ಗುಟ್ಟೇನಲ್ಲ, ಅನುಮತಿ ಪಡೆದೇ ಬಿಡುವುದು. ಅನಿಲರೂಪದ್ದನ್ನು ಸೋಸುಗಗಳ ಮೂಲಕ ಹಾಯಿಸಿ ಎತ್ತರದ ಚಿಮಣಿಯಿಂದ ಗಾಳಿಗೆ ಬಿಡುತ್ತಾರೆ. ದ್ರವರೂಪದ್ದನ್ನು ಸಂಸ್ಕರಿಸಿ, ಯಂತ್ರಗಳನ್ನು ತಂಪು ಮಾಡಿ ಬಂದ ಅಪಾರ ನೀರಿನಲ್ಲಿ ತೆಳುವಾಗಿಸಿ ಜಲಾಶಯಕ್ಕೋ ಸಮುದ್ರಕ್ಕೋ ಬಿಡುತ್ತಾರೆ. ಕೈಗಾದಲ್ಲಿ ಆ ನೀರು ಸೇರುವುದು ಕಾಳಿ ನದಿಯ ಕದ್ರಾ ಜಲಾಶಯಕ್ಕೆ.

ಕೈಗಾದ ಘಟಕಗಳು ಭಾರಜಲವನ್ನು ಬಳಸುವ ಜಾತಿಯವು. ಭಾರಜಲದ ಮೇಲೆ ನ್ಯೂಟ್ರಾನುಗಳು ಬೀಳುತ್ತಿದ್ದಂತೆ ಅದರಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಹುಟ್ಟುತ್ತದೆ. ಇದು ನೀರಿನ ಅಂಗವೇ ಆಗಿಬಿಡುವುದರಿಂದ ನೀರಿನಿಂದ ಅದನ್ನು ಬೇರೆ ಮಾಡುವುದು ಬಲು ಕಷ್ಟ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದರ ಕಿರಣ ದುರ್ಬಲವಾದದ್ದು, ಚರ್ಮವನ್ನು ದಾಟಲಾರದು. ಆದರೆ ಕುಡಿದ ನೀರಿನೊಂದಿಗೆ ಒಳಹೊಕ್ಕರೆ ಮೈಯೆಲ್ಲ ವ್ಯಾಪಿಸುತ್ತದೆ. ಸುಮಾರು ಹತ್ತು ದಿನಗಳಲ್ಲಿ ಅದರ ಅರ್ಧದಷ್ಟು ಮೂತ್ರ ಬೆವರುಗಳ ಮೂಲಕ ಹೊರಹೋಗುತ್ತದೆ. ಹೊರಗಿನ ಪ್ರಪಂಚದಲ್ಲಿ ಅದು ತನ್ನಷ್ಟಕ್ಕೆ ಅರ್ಧವಾಗಲು 12 ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಬೇಕು. ಅಣುಕುಲುಮೆಯಲ್ಲಿ ಹುಟ್ಟುವ ಬೇರೆ ವಸ್ತುಗಳದು ಬೇರೆ ಬೇರೆ ಆಯುಷ್ಯ. ಅಯೋಡಿನ್ 131 ಎಂಟು ದಿನಗಳಲ್ಲಿ ಅರ್ಧವಾಗುತ್ತದೆ. ಅಷ್ಟರೊಳಗೆ ಹುಲ್ಲಿಗೆ ಬಿದ್ದು, ಹಸುವಿನ ಹೊಟ್ಟೆ ಸೇರಿ, ಹಾಲಿನ ಮೂಲಕ ಮಗುವಿನ ಕೊರಳಿನ ಗ್ರಂಥಿಯನ್ನು ತಲುಪಬಲ್ಲದು. 1986ರ ಏಪ್ರಿಲಿನಲ್ಲಿ ಚೆರ್ನೋಬಿಲ್ ಸ್ಥಾವರ ಸಿಡಿದ ಮೇಲೆ ಸುತ್ತಲಿನ ನಾಡಿನ ಎಷ್ಟೋ ಮಕ್ಕಳಿಗೆ ಈ ದಾರಿಯಿಂದಲೇ ಗ್ರಂಥಿಯ ಅರ್ಬುದ ರೋಗ ಬಂತು. ಸೀಸಿಯಂ 137 ಅರ್ಧವಾಗಲು ಮೂವತ್ತು ವರ್ಷ, ಅಂದರೆ ಒಂದು ತಲೆಮಾರು.

ಹೀಗೆ ಬಿಡುವುದಕ್ಕೆ ಒಂದು ಮಿತಿ ಬೇಡವೇ? ಇದೆ. ಸ್ಥಾವರದ ಹೊರಗಿನ ಸಾರ್ವಜನಿಕರಿಗೆ ಸ್ಥಾವರದ ಕಾರಣದಿಂದ ವರ್ಷಕ್ಕೆ 1 ಮಿಲಿಸೀವರ್ಟಿಗಿಂತ ಹೆಚ್ಚು ವಿಕಿರಣ ತಗಲಬಾರದು ಎಂಬುದು ನಮ್ಮ ದೇಶದ ನಿಯಮ. ಸೀವರ್ಟ್ ಎಂದರೆ ಮೈಮೇಲೆ ಆಗುವ ಪರಿಣಾಮವನ್ನು ಅಳೆಯುವ ಮಾನ, ಮಿಲಿಸೀವರ್ಟ್ ಅದರ ಸಾವಿರದಲ್ಲಿ ಒಂದು ಪಾಲು. ಮಣ್ಣು, ಕಲ್ಲು, ಗಾಳಿ, ಆಕಾಶ ಇವುಗಳಿಂದ ಭೂಮಿಯ ಮೇಲಿನ ಮನುಷ್ಯನಿಗೆ ಹೇಗಿದ್ದರೂ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಬರುತ್ತಲೇ ಇರುತ್ತದೆ. ಆದ್ದರಿಂದ ವಿಕಿರಣ ಎಂಬ ಮಾತು ಕೇಳಿದೊಡನೆ ಬೆಚ್ಚಿಬೀಳಬೇಕಾಗಿಲ್ಲ. ಈ 1 ಮಿಲಿಸೀವರ್ಟಿನಲ್ಲಿ ಒಂದು ಸ್ವಾರಸ್ಯವಿದೆ. ಅದು ಘಟಕಕ್ಕೆ ಒಂದೊಂದರಂತೆ ಕೊಟ್ಟದ್ದಲ್ಲ, ಇಡೀ ಸ್ಥಳಕ್ಕೆ ಕೊಟ್ಟದ್ದು. ಗಾಳಿಯ ದಾರಿಗೆ ಇಷ್ಟು, ನೀರಿನ ದಾರಿಗೆ ಇಷ್ಟು, ಈ ಘಟಕಕ್ಕೆ ಇಷ್ಟು, ಆ ಘಟಕಕ್ಕೆ ಇಷ್ಟು ಎಂದು ಅದನ್ನೇ ಪಾಲು ಮಾಡುತ್ತಾರೆ. ಒಂದು ಸೇರು ರಾಗಿಯಲ್ಲಿ ನಾಲ್ವರು ಉಣ್ಣುತ್ತಿದ್ದ ಮನೆಗೆ ಇನ್ನಿಬ್ಬರು ನೆಂಟರು ಬಂದರೆ ರಾಗಿ ಹೆಚ್ಚುವುದಿಲ್ಲ. ಹಿಟ್ಟನ್ನೇ ಆರು ಪಾಲು ಮಾಡಬೇಕು. ಕೈಗಾದ 5 ಮತ್ತು 6ನೆಯ ಘಟಕಗಳು ಬಂದಾಗ ಆಗಬೇಕಾದದ್ದೂ ಇದೇ. ಹೊಸ ಪಾಲುಗಳು ಯಾವುವು, ಯಾರ ಪಾಲನ್ನು ಎಷ್ಟು ಕಡಿಮೆ ಮಾಡಿದರು ಎಂಬುದು ಕದ್ರಾದ ಮೀನುಗಾರನಿಗೆ ತಿಳಿದಿರಬೇಕಾದ ಲೆಕ್ಕವೆಂದು ನಮ್ಮ ಅಭಿಪ್ರಾಯ.

ಮಿತಿ ಎಂದೊಡನೆ ಅದು ದೇವರು ಕೊರೆದ ಗೆರೆ ಎಂದು ಭಾವಿಸಬಾರದು. ಮನುಷ್ಯರು ಕುಳಿತು, ಇಷ್ಟು ಅಪಾಯವನ್ನು ಸಹಿಸಬಹುದೆಂದು ಚರ್ಚಿಸಿ ಹಾಕಿದ ಗೆರೆ ಅದು. ಸಾರ್ವಜನಿಕರಿಗೆ ವರ್ಷಕ್ಕೆ 5 ಮಿಲಿಸೀವರ್ಟ್ ಸಲ್ಲಬಹುದೆಂದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 1977ರಲ್ಲಿ ಹೇಳಿತ್ತು. 1990ರಲ್ಲಿ ಅದೇ ಆಯೋಗ ಅದನ್ನು 1ಕ್ಕೆ ಇಳಿಸಿತು. ಹದಿಮೂರು ವರ್ಷಗಳಲ್ಲಿ ಮನುಷ್ಯನ ಮೈ ಬದಲಾಯಿತೇ? ಇಲ್ಲ, ತಿಳಿವಳಿಕೆ ಬದಲಾಯಿತು. ಕುಡಿಯುವ ನೀರಿನ ಟ್ರಿಟಿಯಂ ಸಂಗತಿ ಇನ್ನೂ ವಿಚಿತ್ರ. ಒಂದು ಲೀಟರಿನಲ್ಲಿ 10,000 ಬೆಕೆರೆಲ್ ಇದ್ದರೂ ನಡೆದೀತು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೆನಡಾ 7,000 ಎನ್ನುತ್ತದೆ. ಅಮೆರಿಕದ ಮಿತಿ ಸುಮಾರು 740. ಐರೋಪ್ಯ ಒಕ್ಕೂಟದವರು 100 ದಾಟಿದೊಡನೆ ಕಾರಣ ಹುಡುಕಿ ಎನ್ನುತ್ತಾರೆ. ಒಂದೇ ಟ್ರಿಟಿಯಂ, ಒಂದೇ ನೀರು, ಒಂದೇ ಬಾಯಾರಿಕೆ! ಜಪಾನಿನ ಫುಕುಶಿಮಾದಲ್ಲಿ ಕೂಡಿಟ್ಟಿದ್ದ ನೀರನ್ನು 2023ರ ಆಗಸ್ಟಿನಿಂದ ಸಮುದ್ರಕ್ಕೆ ಬಿಡತೊಡಗಿದಾಗ ಲೀಟರಿಗೆ 1,500 ಬೆಕೆರೆಲಿಗಿಂತ ಕೆಳಗಿರುವಂತೆ ತೆಳುವಾಗಿಸುತ್ತೇವೆಂದು ಅಲ್ಲಿನವರು ಸಾರಿದರು. ಆ ದೇಶದ ನಿಯಮದಂತೆ 60,000ದವರೆಗೆ ಅವಕಾಶವಿತ್ತು. ನೆರೆಯವರ ಮತ್ತು ಮೀನುಗಾರರ ಕೂಗು ಜೋರಾಗಿದ್ದುದರಿಂದ ಅವರು ನಿಯಮಕ್ಕಿಂತ ಬಹಳ ಕೆಳಗೆ ನಿಲ್ಲಬೇಕಾಯಿತು ಎಂದು ನಾವು ಓದಿಕೊಳ್ಳುತ್ತೇವೆ. ಕೇಳುವವರಿದ್ದರೆ ಗೆರೆ ಕೆಳಗಿಳಿಯುತ್ತದೆ.

ಹಾಗಾದರೆ ನಮ್ಮಲ್ಲಿ ಕೇಳುವವರು ಯಾರು, ಅಳೆಯುವವರು ಯಾರು? 1983ರ ನವೆಂಬರ್ 15ರಂದು ಅಣುಶಕ್ತಿ ನಿಯಂತ್ರಣ ಮಂಡಳಿ ಸ್ಥಾಪನೆಯಾಯಿತು. ಪ್ರತಿ ಸ್ಥಾವರವೂ ಎಷ್ಟು ಬಿಡಬಹುದೆಂದು ನಿಗದಿ ಮಾಡುವವರು ಅವರೇ. ಸ್ಥಾವರ ಆರಂಭವಾಗುವ ಮುನ್ನವೇ ಅಲ್ಲಿ ಪರಿಸರ ಸಮೀಕ್ಷೆಯ ಪ್ರಯೋಗಾಲಯ ತೆರೆದು, ಸುತ್ತಲಿನ ಮೂವತ್ತು ಕಿಲೋಮೀಟರಿನವರೆಗೆ ನೀರು, ಹಾಲು, ಮೀನು, ಸೊಪ್ಪು, ಮಣ್ಣು ಇವುಗಳ ಮಾದರಿ ತಂದು ಅಳೆಯುವ ಏರ್ಪಾಡಿದೆ. ಇದು ಒಳ್ಳೆಯ ಪದ್ಧತಿ. ಮುಂಚಿನ ಸ್ಥಿತಿ ಗೊತ್ತಿಲ್ಲದಿದ್ದರೆ ಆಮೇಲಿನ ಏರಿಕೆಯನ್ನು ಹೇಳುವುದು ಹೇಗೆ? ಮಂಡಳಿಯ ವರದಿಗಳು ವರ್ಷವರ್ಷವೂ ಸ್ಥಾವರಗಳ ಸುತ್ತಲಿನ ವಿಕಿರಣ ಆ 1 ಮಿಲಿಸೀವರ್ಟಿನ ಸಣ್ಣ ಅಂಶ ಮಾತ್ರ ಎಂದು ಹೇಳುತ್ತ ಬಂದಿವೆ. ಅದನ್ನು ಸುಳ್ಳೆನ್ನಲು ನಮ್ಮ ಬಳಿ ಆಧಾರವಿಲ್ಲ. ಸುಳ್ಳೆಂದು ನಾವು ನಂಬಿಯೂ ಇಲ್ಲ.

ಮಂಡಳಿ ತನ್ನ ಮಾತು ನಡೆಸಿದ ಉದಾಹರಣೆಯೂ ಕೈಗಾದಲ್ಲಿಯೇ ಇದೆ. 1994ರ ಮೇ ತಿಂಗಳಲ್ಲಿ ಒಂದನೆಯ ಘಟಕದ ಒಳಗುಮ್ಮಟದಿಂದ ಕಾಂಕ್ರೀಟು ಕಳಚಿ ಬಿತ್ತು. ಅಪಘಾತವಾದಾಗ ವಿಕಿರಣ ಹೊರಗೆ ಹೋಗದಂತೆ ತಡೆಯಬೇಕಾದ ಗುಮ್ಮಟ ಅದು! ಆಗಿನ್ನೂ ಇಂಧನ ತುಂಬಿರಲಿಲ್ಲ, ಅದು ನಾಡಿನ ಪುಣ್ಯ. ಮಂಡಳಿ ಕಟ್ಟಡದ ಕೆಲಸವನ್ನು ತಡೆದು, ವಿನ್ಯಾಸವನ್ನು ತಿದ್ದಿಸಿದ ಮೇಲೆಯೇ ಮುಂದುವರಿಯಲು ಬಿಟ್ಟಿತು. ತಡವಾಯಿತು, ಹಣ ಹೋಯಿತು. ಆದರೆ ಬೇಡವೆನ್ನುವ ಬಾಯಿಯೊಂದು ಇತ್ತೆಂಬುದು ಸಣ್ಣ ಮಾತಲ್ಲ.

2009ರ ನವೆಂಬರಿನ ಘಟನೆ ಇದಕ್ಕಿಂತ ಹೆಚ್ಚು ಕಲಿಸುತ್ತದೆ. ಕೈಗಾದ ಕೆಲಸಗಾರರ ಮೂತ್ರಪರೀಕ್ಷೆ ಕಾಲಕಾಲಕ್ಕೆ ನಡೆಯುವುದುಂಟು. ಆ ತಿಂಗಳ 24ರ ಸುಮಾರಿಗೆ ಕೆಲವರಲ್ಲಿ ಟ್ರಿಟಿಯಂ ಇರಬೇಕಾದುದಕ್ಕಿಂತ ಹೆಚ್ಚು ಕಂಡಿತು. ಹುಡುಕುತ್ತ ಹೋದಾಗ ಅವರೆಲ್ಲ ಕುಡಿದಿದ್ದ ತಣ್ಣೀರಿನ ಯಂತ್ರವೊಂದರಲ್ಲಿ ಟ್ರಿಟಿಯಂ ಬೆರೆತ ಭಾರಜಲ ಸಿಕ್ಕಿತು. ಒಳಗಿನವರೇ ಯಾರೋ ಬೇಕೆಂದು ಬೆರೆಸಿರಬೇಕೆಂದು ಅಧಿಕಾರಿಗಳು ಶಂಕಿಸಿದರು. ಐವತ್ತಕ್ಕೂ ಹೆಚ್ಚು ಮಂದಿಯ ಮೈ ಸೇರಿತ್ತು ಆ ನೀರು. ಇಬ್ಬರ ವಿಷಯದಲ್ಲಿ ಕೆಲಸಗಾರರ ವಾರ್ಷಿಕ ಮಿತಿಯಾದ 30 ಮಿಲಿಸೀವರ್ಟ್ ತುಸು ಮೀರಬಹುದೆಂದು ಮಂಡಳಿ ತಿಳಿಸಿತು. ಸ್ಥಾವರದಿಂದ ಹೊರಗೆ ಏನೂ ಸೋರಿರಲಿಲ್ಲ. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಒಂದು, ಅಳೆಯುವ ಅಭ್ಯಾಸವಿದ್ದುದರಿಂದಲೇ ವಿಷಯ ಬಯಲಿಗೆ ಬಂತು. ಇಲ್ಲವಾಗಿದ್ದರೆ ರುಚಿ ವಾಸನೆಗಳಿಲ್ಲದ ಆ ನೀರನ್ನು ಇನ್ನೆಷ್ಟು ಜನ ಕುಡಿಯುತ್ತಿದ್ದರೋ. ಇನ್ನೊಂದು, ಹೊರಗಿನ ಜನಕ್ಕೆ ಸುದ್ದಿ ತಿಳಿದದ್ದು ನಾಲ್ಕೈದು ದಿನ ಕಳೆದ ಮೇಲೆ, ಅದೂ ವೃತ್ತಪತ್ರಿಕೆ ಮತ್ತು ದೂರದರ್ಶನಗಳ ಮೂಲಕ. ಒಳಗೆ ಅಳತೆ ಚೆನ್ನಾಗಿತ್ತು. ಅಳತೆಗೂ ಊರಿಗೂ ನಡುವೆ ಗೋಡೆಯಿತ್ತು.

ಈ ಗೋಡೆಯ ವಿಚಾರವನ್ನು ಸರ್ಕಾರದ ಲೆಕ್ಕ ತನಿಖೆ ಮಾಡುವವರೇ ಎತ್ತಿದ್ದಾರೆ. ಭಾರತದ ಮಹಾಲೇಖಪಾಲರು 2012ರಲ್ಲಿ ಪಾರ್ಲಿಮೆಂಟಿಗೆ ಒಪ್ಪಿಸಿದ ವರದಿಯಲ್ಲಿ ನಿಯಂತ್ರಣ ಮಂಡಳಿಗೆ ಶಾಸನದ ಸ್ವಾತಂತ್ರ್ಯವಿಲ್ಲ, ಅದು ತಾನು ನಿಯಂತ್ರಿಸಬೇಕಾದವರ ಕೈಕೆಳಗೇ ಇದೆ ಎಂಬರ್ಥದ ಟೀಕೆ ಮಾಡಿದರು. ಮಂಡಳಿ ಅಣುಶಕ್ತಿ ಆಯೋಗಕ್ಕೆ ಉತ್ತರ ಹೇಳಬೇಕು. ಆಯೋಗದ ಅಧ್ಯಕ್ಷರೋ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿಗಳೇ. ಸ್ಥಾವರಗಳು ಅದೇ ಇಲಾಖೆಯವು. ಪರಿಸರ ಪ್ರಯೋಗಾಲಯಗಳನ್ನು ನಡೆಸುವ ಭಾಭಾ ಅಣು ಸಂಶೋಧನ ಕೇಂದ್ರವೂ ಅದೇ ಇಲಾಖೆಯದು. ಪರೀಕ್ಷೆ ಬರೆದ ಹುಡುಗನ ಉತ್ತರಪತ್ರಿಕೆಯನ್ನು ಅವನ ಮಾವನೇ ತಿದ್ದಿದ ಹಾಗೆ. ಮಾವ ಪ್ರಾಮಾಣಿಕನೇ ಇರಬಹುದು, ಅಂಕಗಳು ಸರಿಯೇ ಇರಬಹುದು. ತರಗತಿಯ ಉಳಿದ ಹುಡುಗರು ಮಾತ್ರ ನಂಬುವುದಿಲ್ಲ. ಮಂಡಳಿಯ ಬದಲಿಗೆ ಶಾಸನಬದ್ಧ ಪ್ರಾಧಿಕಾರ ರಚಿಸುವ ಮಸೂದೆಯೊಂದು 2011ರಲ್ಲಿ ಬಂತು, ಲೋಕಸಭೆಯ ಅವಧಿ ತೀರಿದ್ದರಿಂದ 2014ರಲ್ಲಿ ಬಿದ್ದುಹೋಯಿತು. 2025ರ ಶಾಸನ ಆ ಕೊರತೆಯನ್ನು ಕಾಗದದ ಮೇಲೆ ತುಂಬಿದೆ. ಖಾಸಗಿಯವರು ಬರುವ ಕಾಲಕ್ಕೆ ಇದು ಬೇಕಾಗಿಯೇ ಇತ್ತು. ಆದರೆ ಹಳೆಯ ಕಾಯಿದೆಯಂತೆಯೇ ಹೊಸದರಲ್ಲೂ ಕೆಲವು ಮಾಹಿತಿಯನ್ನು ಗುಪ್ತವಾಗಿಡುವ ಅಧಿಕಾರ ಸರ್ಕಾರಕ್ಕೆ ಉಳಿದಿದೆ. ಯಂತ್ರದ ನಕ್ಷೆಯನ್ನು, ಕಾವಲಿನ ವಿವರವನ್ನು ಗುಪ್ತವಾಗಿಡಲಿ, ಯಾರೂ ಬೇಡವೆನ್ನುವುದಿಲ್ಲ. ನದಿಗೆ ಬಿಟ್ಟದ್ದು ಹೇಗೆ ಗುಪ್ತವಾದೀತು? ನದಿಗೆ ಬಿಟ್ಟ ಮೇಲೆ ಅದು ನದಿಯ ನೀರು ಕುಡಿಯುವವರದು.

ವ್ಯಾಕರಣದ ಒಂದು ಮಾತು ಹೇಳದೆ ನಮಗೆ ಸಮಾಧಾನವಿಲ್ಲ. ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗಗಳನ್ನು ಒಂಬತ್ತನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೀರಿ. ಸರ್ಕಾರಿ ಪ್ರಕಟಣೆಗಳನ್ನು ತೆಗೆದುಕೊಂಡು ಈಗ ಅಭ್ಯಾಸ ಮಾಡಿರಿ. “ಅಳೆಯಲಾಗಿದೆ,” “ಬಿಡಲಾಗಿದೆ,” “ಕ್ರಮ ಕೈಗೊಳ್ಳಲಾಗಿದೆ,” “ಎಲ್ಲವೂ ಮಿತಿಯೊಳಗಿದೆ.” ಇವುಗಳಲ್ಲಿ ಕರ್ತೃಪದವನ್ನು ಹುಡುಕಿರಿ. ಯಾರು ಅಳೆದರು? ಯಾವ ದಿನ? ಯಾವ ಕೆರೆಯ, ಯಾವ ಬಾವಿಯ ನೀರು? ಎಷ್ಟು ಬಂತು? ಮಿತಿ ಎಷ್ಟಿತ್ತು, ಅದನ್ನು ಹಾಕಿದವರು ಯಾರು? ಕರ್ಮಣಿ ಪ್ರಯೋಗವನ್ನು ಕರ್ತರಿಗೆ ತಿರುಗಿಸಿದರೆ ಪರೀಕ್ಷೆಯಲ್ಲಿ ಎರಡು ಅಂಕ ಸಿಗುತ್ತದೆ. ಊರಿನ ಬದುಕಿನಲ್ಲಿ ಅದರ ಬೆಲೆ ಇನ್ನೂ ಹೆಚ್ಚು.

ಭಾಷೆಯ ಪ್ರಶ್ನೆ ಇಲ್ಲಿಗೇ ನಿಲ್ಲುವುದಿಲ್ಲ. ಕೈಗಾವನ್ನು ವಿರೋಧಿಸಿದವರಲ್ಲಿ ಶಿವರಾಮ ಕಾರಂತರು ಪ್ರಮುಖರು. ಇಳಿವಯಸ್ಸಿನಲ್ಲಿ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತು ಸೋತರು. ಗೆಲ್ಲುವುದಕ್ಕೆ ಅವರು ನಿಂತಿರಲಿಲ್ಲವೆಂದು ನಮ್ಮ ಊಹೆ. ಅಣುಸ್ಥಾವರದ ವಿಷಯವನ್ನು ಊರೂರಿನಲ್ಲಿ ಕನ್ನಡದಲ್ಲಿ ಮಾತನಾಡುವುದಕ್ಕೆ ಚುನಾವಣೆ ಒಂದು ವೇದಿಕೆಯಾಯಿತು. ಅವರ ವಿರೋಧವನ್ನು ಒಪ್ಪದವರೂ ಅವರ ಈ ಶ್ರಮವನ್ನು ಒಪ್ಪಬೇಕು. ಮೂವತ್ತು ವರ್ಷಗಳ ತರುವಾಯ ಸ್ಥಿತಿ ಏನು? 5 ಮತ್ತು 6ನೆಯ ಘಟಕಗಳಿಗಾಗಿ 2018ರ ಡಿಸೆಂಬರಿನಲ್ಲಿ ಸಾರ್ವಜನಿಕರ ಅಹವಾಲು ಕೇಳುವ ಸಭೆ ನಡೆಯಿತು. ಜನ ಬಂದು ಬಲವಾಗಿ ವಿರೋಧಿಸಿದರು. ಮರುವರ್ಷ ಪರಿಸರ ಅನುಮತಿ ದೊರೆಯಿತು. ಇಂಥ ಸಭೆಗಳಿಗೆ 2006ರ ಅಧಿಸೂಚನೆ ಕಡ್ಡಾಯ ಮಾಡಿರುವುದು ವರದಿಯ ಸಾರಾಂಶವನ್ನು ಮಾತ್ರ ಪ್ರಾದೇಶಿಕ ಭಾಷೆಯಲ್ಲಿ ಕೊಡಬೇಕೆಂದು. ನೂರಾರು ಪುಟಗಳ ಮೂಲವರದಿ ಇಂಗ್ಲಿಷಿನಲ್ಲಿಯೇ ಇರಬಹುದು. ಅಂಕಿ ಇರುವುದು ಮೂಲದಲ್ಲಿ, ಸಮಾಧಾನವಿರುವುದು ಸಾರಾಂಶದಲ್ಲಿ. ಓದಲಾರದ ಕಾಗದಕ್ಕೆ ಸಹಿ ಹಾಕುವುದೆಂದರೇನೆಂದು ಗಡಿನಾಡಿನ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಕನ್ನಡ ತೆಲುಗು ಎರಡರಲ್ಲಿಯೂ ಓದಿ ಬೆಳೆದ ನಾವೇ ಒಮ್ಮೊಮ್ಮೆ ಕಚೇರಿಯಿಂದ ಬಂದ ಕಾಗದ ಹಿಡಿದು ತಡವರಿಸುವುದುಂಟು; ನಮ್ಮ ಅಜ್ಜಿಯರ ಪಾಡು ಹೇಳುವುದೇ ಬೇಡ.

ಈ ಲೇಖನವನ್ನು ಅಣುವಿದ್ಯುತ್ತಿನ ವಿರುದ್ಧ ಬರೆದದ್ದೆಂದು ಯಾರೂ ಎಣಿಸಬಾರದು. ಕಲ್ಲಿದ್ದಲಿನ ಹೊಗೆ ಬೂದಿಗಳೂ ಜನರ ಎದೆಯನ್ನು ಸೇರುತ್ತವೆ, ಆ ಬೂದಿಯಲ್ಲೂ ಅಲ್ಪಸ್ವಲ್ಪ ಯುರೇನಿಯಂ ಥೋರಿಯಂಗಳಿರುತ್ತವೆ. ಬಳ್ಳಾರಿ ಕಡೆಯ ಧೂಳನ್ನು ಕಂಡ ರಾಯದುರ್ಗದ ಮಕ್ಕಳಿಗೆ ಇದು ಹೊಸದಲ್ಲ. ಧೂಳಿನ ಮಾತು ಬಂದದ್ದರಿಂದ ನೆನಪಾಯಿತು: ಓಬಳಾಪುರದ ಅದಿರು ಗಣಿಗಳಲ್ಲಿ ಎರಡು ರಾಜ್ಯಗಳ ನಡುವಿನ ಗಡಿಗುರುತೇ ಅಳಿಸಿಹೋಯಿತೆಂಬ ಆರೋಪ ಬಂದು, ಸರ್ವೆ ಆಫ್ ಇಂಡಿಯಾದವರು ಅಳೆಯಲು ಬರಬೇಕಾಯಿತು. ಮಿತಿಕಲ್ಲು ನೆಟ್ಟರಷ್ಟೇ ಸಾಲದು. ಅದು ನೆಟ್ಟಲ್ಲಿಯೇ ಇದೆಯೇ ಎಂದು ನೋಡುವವನು ಗಣಿಯ ಸಂಬಳದವನಾಗಿರಬಾರದು.

ಈಗ ನೆರೆಯ ಕಡಪ ಜಿಲ್ಲೆಗೆ ಬರೋಣ. ನಂದಿಬೆಟ್ಟದ ಕಡೆಯಿಂದ ಬಂದು ಹಿಂದೂಪುರವನ್ನು ಹಾಯ್ದು ಹೋಗುವ ಪೆನ್ನಾರು ಮುಂದೆ ಕಡಪ ಜಿಲ್ಲೆಗೇ ಇಳಿಯುತ್ತದೆ. ಅಲ್ಲಿ ಪುಲಿವೆಂದುಲದ ಬಳಿಯ ತುಮ್ಮಲಪಲ್ಲೆಯಲ್ಲಿ ಯುರೇನಿಯಂ ಕಾರ್ಪೊರೇಷನ್ ಆಫ್ ಇಂಡಿಯಾದ ಗಣಿ ಮತ್ತು ಸಂಸ್ಕರಣ ಕಾರ್ಖಾನೆ ಇವೆ. ಇದು ವಿದ್ಯುತ್ ಸ್ಥಾವರವಲ್ಲ, ಸ್ಥಾವರದ ಇಂಧನಕ್ಕೆ ಮೂಲ. ಅದಿರಿನಿಂದ ಯುರೇನಿಯಂ ತೆಗೆದ ಮೇಲೆ ಉಳಿಯುವ ಕೆಸರನ್ನು ಕೊಟ್ಟಾಲ ಗ್ರಾಮದ ಹತ್ತಿರದ ಕೊಳಕ್ಕೆ ಬಿಡುತ್ತಾರೆ. ಆ ಕೊಳದಿಂದ ಕೆಸರಿನ ನೀರು ಇಂಗಿ ನಮ್ಮ ಬೋರುಗಳು ಕೆಟ್ಟವು, ಬಾಳೆ ತೋಟಗಳು ಹಾಳಾದವು ಎಂದು ಸುತ್ತಲಿನ ರೈತರು ದೂರುತ್ತ ಬಂದಿದ್ದಾರೆ. ಕೊಳದ ತಳಕ್ಕೆ ನೀರಿಂಗದ ಅಸ್ತರು ಹಾಕುವ ನಿಬಂಧನೆಯ ಬಗ್ಗೆ 2018ರಲ್ಲಿ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಕಾರಣ ಕೇಳಿ ನೋಟೀಸು ಕೊಟ್ಟಿತು. ಕಾರ್ಪೊರೇಷನ್ನಿನವರು ಆರೋಪಗಳನ್ನು ಅಲ್ಲಗಳೆದಿದ್ದಾರೆ. ನಿಜ ಯಾವ ಕಡೆಗಿದೆ ಎಂದು ಇಲ್ಲಿ ಕುಳಿತು ನಾವು ತೀರ್ಪು ಕೊಡಲಾರೆವು. ನಮ್ಮನ್ನು ಯೋಚನೆಗೆ ಹಚ್ಚುವುದು ಇನ್ನೊಂದು: ಒಂದು ಬೋರಿನ ನೀರಿನಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಮನ್ನು ಮೀರಿದೆಯೋ ಇಲ್ಲವೋ ಎಂಬುದು ವಾದವಿವಾದದ ವಿಷಯವೇ ಆಗಬಾರದಿತ್ತು. ಅದು ಅಳತೆಯ ವಿಷಯ. ಎರಡು ಪಕ್ಷದವರೂ ಒಪ್ಪುವ ಮೂರನೆಯವನೊಬ್ಬ ತಿಂಗಳು ತಿಂಗಳು ಅಳೆದು ಪಂಚಾಯಿತಿಯ ಗೋಡೆಯ ಮೇಲೆ ಬರೆದಿದ್ದರೆ ಜಗಳಕ್ಕೆ ಎಡೆಯೇ ಇರುತ್ತಿರಲಿಲ್ಲ.

ಅಂಥ ಮೂರನೆಯವರು ಸಿಗುವುದಿಲ್ಲವೆಂದಲ್ಲ. ಮಂಗಳೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಕೈಗಾ ಸುತ್ತಲಿನ ಮಣ್ಣು, ನೀರು, ಗಿಡಗಳ ವಿಕಿರಣವನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತಿದ್ದಾರೆ. ವಿದ್ಯೆಯಿದೆ, ಉಪಕರಣಗಳಿವೆ. ಅವರ ಅಂಕಿಗಳು ವಿದ್ವತ್ ಪತ್ರಿಕೆಗಳಲ್ಲಿ ಇಂಗ್ಲಿಷಿನಲ್ಲಿ ಮಲಗಿರುತ್ತವೆ. ಸರ್ಕಾರದ ಪ್ರಯೋಗಾಲಯದ ಅಂಕಿಯನ್ನೂ ವಿಶ್ವವಿದ್ಯಾನಿಲಯದ ಅಂಕಿಯನ್ನೂ ಅಕ್ಕಪಕ್ಕದಲ್ಲಿ ಕನ್ನಡದಲ್ಲಿ ಬರೆದ ಒಂದು ಹಲಗೆ ಮಲ್ಲಾಪುರದಲ್ಲೊಂದು, ಕದ್ರಾದಲ್ಲೊಂದು, ಕಾರವಾರದಲ್ಲೊಂದು ಇರಲಿ. ದಿನದ ಪೇಟೆ ಧಾರಣೆ ಬರೆಯುವ ಹಾಗೆ ಬರೆಯಲಿ. ಈ ತಿಂಗಳು ಗಾಳಿಗೆ ಬಿಟ್ಟದ್ದು ಇಷ್ಟು, ನೀರಿಗೆ ಇಷ್ಟು, ಬಿಡಲು ಅನುಮತಿಯಿದ್ದದ್ದು ಇಷ್ಟು, ಹಾಲಿನಲ್ಲಿ ಕಂಡದ್ದು ಇಷ್ಟು, ಮೀನಿನಲ್ಲಿ ಇಷ್ಟು. ಕೈಗಾ ಸುತ್ತಲಿನ ಹಳ್ಳಿಗಳಲ್ಲಿ ಅರ್ಬುದ ರೋಗ ಹೆಚ್ಚಿದೆಯೆಂಬ ಭಯದ ಮಾತು ವರ್ಷಗಳಿಂದ ಕೇಳಿಬರುತ್ತಿದೆ. ಭಯಪಡಬೇಡಿ ಎಂಬ ಭಾಷಣದಿಂದ ಅದು ಹೋಗದು. ಹತ್ತು ವರ್ಷಗಳ ಹಲಗೆಯ ಲೆಕ್ಕವನ್ನು ಶಾಲೆಯ ಮಕ್ಕಳೇ ಗ್ರಾಫ್ ಕಾಗದದ ಮೇಲೆ ಎಳೆದು ನೋಡಿದರೆ ಹೋದೀತು, ಅಥವಾ ಭಯಕ್ಕೆ ಕಾರಣವಿದ್ದರೆ ಕಾರಣ ಗೊತ್ತಾದೀತು.

ನೀರಿನೊಳಗಿನ ಕಾಣದ ವಿಷವನ್ನು ನಮ್ಮ ಸೀಮೆಯಷ್ಟು ಬಲ್ಲವರು ಕಡಿಮೆ. ಅನಂತಪುರ ಸೀಮೆಯ ಬೋರುಗಳಲ್ಲಿ ಫ್ಲೋರೈಡು ಇದೆಯೆಂದು ಅಂಕಿ ಹೇಳುವ ಹೊತ್ತಿಗೆ ಎಷ್ಟೋ ಹಳ್ಳಿಗಳ ಹಿರಿಯರ ಬೆನ್ನು ಬಾಗಿತ್ತು, ಮಕ್ಕಳ ಹಲ್ಲು ಕಂದಿತ್ತು. ಲೀಟರಿಗೆ 1.5 ಮಿಲಿಗ್ರಾಮು ಎಂಬ ಗೆರೆ ಪುಸ್ತಕದಲ್ಲಿ ಮೊದಲೇ ಇತ್ತು. ಬಾವಿಯ ಕಟ್ಟೆಯ ಮೇಲೆ ಇರಲಿಲ್ಲ. 1990ರ ದಶಕದಲ್ಲಿ ಸತ್ಯಸಾಯಿ ನೀರಿನ ಯೋಜನೆ ನೂರಾರು ಊರುಗಳಿಗೆ ಬೇರೆ ನೀರು ತಂದದ್ದು ಆ ಬೆನ್ನುಗಳಿಗೆ ತಡವಾಗಿಯೇ ಬಂತು.

ಹತ್ತನೆಯ ತರಗತಿಯವರೊಂದಿಗೆ ಈ ವಿಷಯ ಚರ್ಚಿಸಿದಾಗ ಹಾಗಾದರೆ ನಾವೇ ಏಕೆ ಕೇಳಬಾರದು ಎಂಬ ಮಾತು ಬಂತು. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಹತ್ತು ರೂಪಾಯಿ ಶುಲ್ಕ ತೆತ್ತು ಅರ್ಜಿ ಹಾಕಬಹುದು, ಮೂವತ್ತು ದಿನದೊಳಗೆ ಉತ್ತರ ಬರಬೇಕು. ನಿಯಂತ್ರಣ ಮಂಡಳಿಗೆ ಕಳುಹಿಸುವ ಅರ್ಜಿಯ ಕರಡು ಸಿದ್ಧವಾಗಿದೆ. ಪ್ರಶ್ನೆಗಳು ಮೂರೇ: ಕಳೆದ ಐದು ವರ್ಷಗಳಲ್ಲಿ ಕೈಗಾದಿಂದ ಗಾಳಿಗೆ ಮತ್ತು ಕದ್ರಾ ಜಲಾಶಯಕ್ಕೆ ಬಿಟ್ಟ ಟ್ರಿಟಿಯಂ ವರ್ಷಕ್ಕೆ ಎಷ್ಟು, ಅನುಮತಿಯಿದ್ದದ್ದು ಎಷ್ಟು, 5 ಮತ್ತು 6ನೆಯ ಘಟಕಗಳಿಗೆ ಆ 1 ಮಿಲಿಸೀವರ್ಟಿನಲ್ಲಿ ಇಟ್ಟಿರುವ ಪಾಲು ಎಷ್ಟು. ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆಯಾ ಪ್ರದೇಶದ ಆಡಳಿತ ಭಾಷೆಯಲ್ಲಿ ಬರೆಯಬೇಕೆಂದು ಕಾಯಿದೆ ಹೇಳುತ್ತದೆ. ಕಾರವಾರದವರಾದರೆ ಕನ್ನಡದಲ್ಲೇ ಬರೆಯಬಹುದಿತ್ತು. ಇಲ್ಲಿಂದ ಬರೆಯುವ ನಾವು ತೆಲುಗಿನಲ್ಲಿ ಬರೆದಿದ್ದೇವೆ. ಸಹಿ ಉಪಾಧ್ಯಾಯರದು, ಅಕ್ಷರ ವಿದ್ಯಾರ್ಥಿನಿಯೊಬ್ಬಳದು. ಕನ್ನಡ ಪ್ರತಿಯನ್ನು ಶಾಲೆಯ ಪುಸ್ತಕಾಲಯದಲ್ಲಿ ಇಟ್ಟಿದೆ, ಪಾಲಕರು ಬಂದು ಓದಬಹುದು. ಉತ್ತರ ಯಾವ ಭಾಷೆಯಲ್ಲಿ ಬಂದರೂ ಕನ್ನಡಕ್ಕೆ ತಂದು, ಅಂಕಿಗಳ ಸಹಿತ ಮುಂದಿನ ವರ್ಷದ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಬಾರದಿದ್ದರೆ ಬರಲಿಲ್ಲವೆಂದು ಅಚ್ಚು ಹಾಕುತ್ತೇವೆ.